ಒಂದು ಮೀಟರ್ ರಾಡಿನ ತೂಕ

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷ ಓಡಾಡಿದೆ. ಬಂಕಾಪುರ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಒಂದು ದೊಡ್ಡ ತಗಡಿನ ಶೆಡ್ಡು, ಅದರ ಹಿಂದೆ ಒಂದು ಚಿಮಣಿ ಕಾಣುತ್ತಿತ್ತು. ಕಂಡಕ್ಟರು "ಕಬ್ಬಣದ ಮಿಲ್ಲ್ ಇಳ್ಯಾವ್ರು ಬರ್ರಿ" ಎಂದು ಕೂಗುತ್ತಿದ್ದ. ಇಳಿಯುವವರಲ್ಲಿ ಹೆಂಗಸು ನಾನೊಬ್ಬಳೇ.

ಮನೆ ಕಟ್ಟುವವರು ಕಂಬಕ್ಕೆ, ಸ್ಲ್ಯಾಬಿಗೆ ಹಾಕುವ ಕಬ್ಬಿಣದ ರಾಡು ಮಾಡುವ ಮಿಲ್ಲು ಅದು. ಬಳ್ಳಾರಿ ಕಡೆಯ ಕಾರ್ಖಾನೆಗಳಿಂದ ಉದ್ದುದ್ದ ಕಬ್ಬಿಣದ ತೊಲೆಗಳು ಲಾರಿಯಲ್ಲಿ ಬರುತ್ತಿದ್ದವು. ಬಿಲೆಟ್ ಅಂತಿದ್ದೆವು ಅವಕ್ಕೆ. ಅವನ್ನು ಭಟ್ಟಿಯಲ್ಲಿಟ್ಟು ಕೆಂಪಗೆ ಕಾಯಿಸಿ, ತಿರುಗುವ ಎರಡೆರಡು ರೋಲುಗಳ ನಡುವೆ ತೂರಿಸುತ್ತಿದ್ದರು. ಒಂದೊಂದು ಸಲ ತೂರಿದಾಗಲೂ ತೊಲೆ ತೆಳ್ಳಗಾಗಿ, ಉದ್ದವಾಗಿ, ಕೊನೆಗೆ ಬೆರಳಿನಷ್ಟು ದಪ್ಪದ ರಾಡಾಗಿ ಆರಲು ಬಿಡುವ ಕಬ್ಬಿಣದ ಹಾಸಿನ ಮೇಲೆ ಹಾವಿನಂತೆ ಹರಿದು ಬಂದು ಬೀಳುತ್ತಿತ್ತು.

ಆ ಶೆಡ್ಡಿನ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ ನನ್ನದು. ಪ್ರತಿ ಲಾಟಿನಿಂದ, ಅಂದರೆ ಒಂದು ಸರದಿಗೆ ತಯಾರಾದ ರಾಡುಗಳಿಂದ, ಒಂದು ಮೀಟರ್ ತುಂಡು ಕತ್ತರಿಸಿ ತೂಗುವುದು, ಬಗ್ಗಿಸಿ ನೋಡುವುದು, ಮಶೀನಿಗೆ ಸಿಕ್ಕಿಸಿ ಹರಿಯುವ ತನಕ ಎಳೆಯುವುದು, ಕೊನೆಗೆ ಬಂದ ಅಂಕಿಗಳನ್ನು ಸರ್ಟಿಫಿಕೇಟಿನಲ್ಲಿ ಬರೆದು ಸಹಿ ಹಾಕುವುದು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ. ಅವ್ವನಿಗೆ ಇದನ್ನು ಹೇಳಿ ತಿಳಿಸುವಷ್ಟರಲ್ಲಿ ಸಾಕಾಗಿತ್ತು. "ಮಾಡೂದೂ ಅವ್ರ, ಹರಿಯೂದೂ ಅವ್ರ. ಹರದಿದ್ದಕ್ಕ ನಿನಗ ಪಗಾರ ಬ್ಯಾರೆ ಕೊಡ್ತಾರ?" ಅನ್ನುತ್ತಿದ್ದಳು. ಗದ್ದೆಯಲ್ಲಿ ಭತ್ತ ಬೆಳೆಯುವ ಮನೆಯವಳಿಗೆ ಚೆನ್ನಾಗಿರುವ ವಸ್ತುವನ್ನು ಬೇಕಂತಲೇ ಹರಿಯುವುದು ಒಗ್ಗುತ್ತಿರಲಿಲ್ಲ.

ಮಿಲ್ಲಿನ ಸಾಹುಕಾರರು ಹಿರೇಕೆರೂರಿನವರು. ತಲೆಮಾರುಗಳಿಂದ ಹತ್ತಿ, ಗೋವಿನಜೋಳದ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಹತ್ತಿಯ ಗಿರಣಿ ಮಾರಿ ಇವರು ಕಬ್ಬಿಣಕ್ಕೆ ಕೈ ಹಾಕಿದಾಗ ಅಣ್ಣತಮ್ಮಂದಿರೆಲ್ಲ ಬೇಡವೆಂದಿದ್ದರಂತೆ. ಬೆಳಿಗ್ಗೆ ಏಳಕ್ಕೆಲ್ಲ ಹಣೆಗೆ ವಿಭೂತಿ ಹಚ್ಚಿಕೊಂಡು, ಬಿಳಿ ಅಂಗಿ ತೊಟ್ಟು ಬಂದು ಭಟ್ಟಿಯ ಮುಂದೆ ಒಂದು ಗಳಿಗೆ ಕೈ ಮುಗಿದು ನಿಲ್ಲುತ್ತಿದ್ದರು. ಸಂಜೆಯ ಹೊತ್ತಿಗೆ ಆ ಅಂಗಿಯ ಕಾಲರು ಕಪ್ಪಾಗಿರುತ್ತಿತ್ತು. ತೂಕದ ವಿಷಯದಲ್ಲಿ ಮಾತ್ರ ಬಹಳ ಬಿಗಿ. ರಾಡಿನ ತೂಕ ಇಷ್ಟೇ ಇರಬೇಕೆಂದು ಸರಕಾರದ ನಿಯಮವಿದೆ. ಅದರಲ್ಲೇ ಹೆಚ್ಚುಕಡಿಮೆಗೆ ಸ್ವಲ್ಪ ಸಡಿಲವೂ ಇದೆ. ಆ ಸಡಿಲದ ಕೆಳಗಿನ ಅಂಚಿಗೆ ಲಾಟು ಬಂದರೂ ಅವರು ಸಿಡಿಮಿಡಿಗೊಳ್ಳುತ್ತಿದ್ದರು. "ನಿಯಮ ಒಪ್ಪಬಹುದವಾ, ನಾ ಒಪ್ಪೂದಿಲ್ಲ" ಅಂದು ಮಿಸ್ತ್ರಿಯನ್ನು ಕರೆಸುತ್ತಿದ್ದರು.

ಮಿಸ್ತ್ರಿ ಎಂದರೆ ರೋಲುಗಳನ್ನು ಹೊಂದಿಸುವವರು. ಸವಣೂರಿನವರು. ಹದಿನೆಂಟರ ವಯಸ್ಸಿನಲ್ಲಿ ಇಕ್ಕಳ ಹಿಡಿದು ಉರಿಯುವ ರಾಡಿನ ತುದಿ ಹಿಡಿಯುವ ಕೆಲಸದಿಂದ ಶುರು ಮಾಡಿದವರು. ಎರಡೂ ಮುಂಗೈಗಳ ಮೇಲೆ ಸುಟ್ಟ ಗೆರೆಗಳಿದ್ದವು. ಬಾಯಲ್ಲಿ ಸದಾ ಸವಣೂರಿನ ಎಲೆ. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಸೇರಿದ ಮೊದಲ ವಾರವೇ ನನ್ನ ಕೋಣೆಗೆ ಬಂದು, ಕತ್ತರಿಸಿಟ್ಟ ತುಂಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತೂಗಿ, "ನಿನ್ನ ತಕ್ಕಡಿ ಹೇಳೂಕಿಂತ ಮೊದ್ಲ ನಾ ಹೇಳ್ತೇನಿ ನೋಡು" ಅಂದು ಒಂದು ಅಂಕಿ ಹೇಳಿದರು. ತಕ್ಕಡಿಯಲ್ಲಿಟ್ಟೆ. ಎರಡೋ ಮೂರೋ ಗ್ರಾಂ ವ್ಯತ್ಯಾಸ. ಆಮೇಲೆ ಅದು ದಿನದ ಆಟವಾಯಿತು. ಐದು ಗ್ರಾಮಿಗಿಂತ ಹೆಚ್ಚು ತಪ್ಪಿದರೆ ಚಾಚಾ ಚಹಾ ಕುಡಿಸಬೇಕು, ಇಲ್ಲವಾದರೆ ನಾನು. ಹನ್ನೊಂದು ವರ್ಷದಲ್ಲಿ ಅವರ ಚಹಾ ಕುಡಿದದ್ದು ಬೆರಳೆಣಿಕೆಯಷ್ಟು ಸಲ.

ಮಿಲ್ಲಿಗೆ ಕೆಟ್ಟ ದಿನಗಳು ಒಮ್ಮೆಲೇ ಬಂದವೆಂದು ಹೇಳಲಾರೆ. ನಮಗೆ ಬಿಲೆಟ್ ಮಾರುತ್ತಿದ್ದ ಕಾರ್ಖಾನೆಗಳೇ ತಮ್ಮಲ್ಲೂ ರೋಲು ಹಾಕಿಸಿಕೊಂಡವು ಎಂಬ ಸುದ್ದಿ ಮೊದಲು ತಂದವನು ಒಬ್ಬ ಲಾರಿ ಡ್ರೈವರ್. ಅಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ದು, ಅದು ಆರುವ ಮೊದಲೇ, ಕೆಂಪಗಿರುವಾಗಲೇ ರಾಡು ಎಳೆಯುತ್ತಾರಂತೆ. ನಮ್ಮಲ್ಲಿಯೋ, ಅದೇ ಬಿಲೆಟ್ ತಣ್ಣಗಾಗಿ, ಲಾರಿ ಹತ್ತಿ, ಅರ್ಧ ಕರ್ನಾಟಕ ದಾಟಿ ಬಂದ ಮೇಲೆ ಮತ್ತೆ ಭಟ್ಟಿಗೆ ಬೀಳಬೇಕು. ಆ ಭಟ್ಟಿಗೆ ಕಲ್ಲಿದ್ದಲು ಬಂದರಿನಿಂದ ಘಟ್ಟ ಹತ್ತಿ ಬರಬೇಕು.

ಚಾಚಾ ಅದನ್ನು ಕೇಳಿ ಎಲೆ ಉಗುಳಿ ಬಂದು ಹೇಳಿದರು: "ಅವ್ರು ಹೆಂಚಿನ ಮ್ಯಾಲಿನ ರೊಟ್ಟಿ ತಿನ್ನಾಕತ್ತಾರ. ನಾವು ಅವರ ಮನಿ ತಂಗಳ ರೊಟ್ಟಿ ತಂದು ಮತ್ತ ಬಿಸಿ ಮಾಡಾಕತ್ತೇವಿ. ಎಷ್ಟ ದಿನ ನಡೀತೈತಿ ಬೇಟಿ?"

ನಾನು ನಕ್ಕೆ. ಚಾಚಾ ನಗಲಿಲ್ಲ.

ಮುಂದೆ ಡೀಸೆಲ್ ಏರಿದಾಗ ಬಾಡಿಗೆ ಏರಿತು. ಮಧ್ಯಾಹ್ನ ಕರೆಂಟ್ ಹೋದರೆ ಅರ್ಧ ತೂರಿದ ರಾಡು ರೋಲಿನಲ್ಲೇ ಸಿಕ್ಕಿಬಿದ್ದು ಆರಿ, ಅದನ್ನು ಗ್ಯಾಸಿನಿಂದ ಕತ್ತರಿಸಿ ತೆಗೆಯುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಸರಕಾರದ ಕಟ್ಟಡ ಕಟ್ಟುವ ಗುತ್ತಿಗೆದಾರರು ದೊಡ್ಡ ಕಂಪನಿಗಳ ರಾಡೇ ಆಗಬೇಕೆಂದು ಬರೆಸಿಕೊಂಡು ಬಂದರು. ವಾರಕ್ಕೆ ಆರು ದಿನ ಉರಿಯುತ್ತಿದ್ದ ಭಟ್ಟಿ ನಾಲ್ಕು ದಿನಕ್ಕಿಳಿಯಿತು, ಆಮೇಲೆ ಮೂರಕ್ಕೆ. ಭಟ್ಟಿ ಆರಿಸಿ ಮತ್ತೆ ಹೊತ್ತಿಸುವುದಕ್ಕೇ ಕಲ್ಲಿದ್ದಲು ಸುಮ್ಮನೆ ಉರಿದುಹೋಗುತ್ತದೆ. ಹೀಗಾಗಿ ಕಡಿಮೆ ದಿನ ನಡೆಸಿದಷ್ಟೂ ನಮ್ಮ ರಾಡು ತುಟ್ಟಿಯಾಯಿತು, ತುಟ್ಟಿಯಾದಷ್ಟೂ ಇನ್ನೂ ಕಡಿಮೆ ದಿನ ನಡೆಸಬೇಕಾಯಿತು.

ಒಂದು ಮುಂಜಾನೆ ಸಾಹುಕಾರರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಿರೇಕೆರೂರಿಗೆ ಹೊರಟರು. ಅಲ್ಲಿನ ದೊಡ್ಡ ಕಬ್ಬಿಣದ ಅಂಗಡಿಯವರು ಮಿಲ್ಲು ಶುರುವಾದಾಗಿನಿಂದ ನಮ್ಮ ರಾಡು ಮಾರಿದವರು, ಸಾಹುಕಾರರಿಗೆ ದೂರದ ಸಂಬಂಧಿಕರೂ ಹೌದು. ಎರಡು ತಿಂಗಳಿನಿಂದ ಅವರಿಂದ ಒಂದು ಲೋಡಿಗೂ ಆರ್ಡರ್ ಬಂದಿರಲಿಲ್ಲ. "ನೀ ಬಾ, ಪರೀಕ್ಷೆ ಮಾಡಿದ್ದೆಲ್ಲ ಅವರಿಗೆ ಬಿಡಿಸಿ ಹೇಳು. ನಾ ಹೇಳಿದ್ರ ವ್ಯಾಪಾರ ಆಗ್ತೈತಿ, ನೀ ಹೇಳಿದ್ರ ವಿದ್ಯಾ ಆಗ್ತೈತಿ" ಅಂದರು. ನಾನು ಬಗ್ಗಿಸಿದ ತುಂಡುಗಳನ್ನು, ಎಳೆದು ಹರಿದ ತುಂಡುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡಿದ್ದೆ.

ಸಂತೆಯ ದಿನ. ಅಂಗಡಿಯ ಮುಂದೆ ಗೋವಿನಜೋಳದ ಚೀಲ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅಂಗಡಿಯವರು ನಮ್ಮನ್ನು ಒಳಗೆ ಕೂರಿಸಿ ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಬಗ್ಗಿದ ತುಂಡಿನ ಹೊಟ್ಟೆಯ ಮೇಲೆ ಬೆರಳಾಡಿಸಿ ಬಿರುಕಿಲ್ಲವೆಂದು ತಾವೇ ನೋಡಿದರು.

"ನಿಮ್ಮ ರಾಡು ಚಲೋ ಐತ್ರಿ. ಇಪ್ಪತ್ತ ವರ್ಷ ಮಾರೇನಿ, ನನಗ ಗೊತ್ತಿಲ್ಲೇನು?" ಎಂದು ಸಾಹುಕಾರರಿಗೆ ಹೇಳಿದರು. "ಆದ್ರ ಗಿರಾಕಿ ಬಂದು ಟೀವಿಯೊಳಗ ಬರೂ ರಾಡು ಕೊಡು ಅಂತಾನ. ಮೊದ್ಲ ಅದು ತುಟ್ಟಿ ಇತ್ತು, ನಿಮ್ದು ಅಗ್ಗ ಅಂತ ಒಯ್ತಿದ್ರು. ಈಗ ಎರಡೂ ಬಾಜು-ಬಾಜು ಬಂದಾವ. ಹಂಗಾದ ಮ್ಯಾಲ ನಿಮ್ದ್ಯಾಕ ಒಯ್ತಾರ್ರಿ?"

"ಹಂಗಾರ ನಾ ಏನ್ ಮಾಡ್ಬೇಕು?"

ಅಂಗಡಿಯವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಳ್ಳ್ಯಾವ್ರು ಕಡ್ಡಿ ಲೆಕ್ಕದಾಗ ಒಯ್ತಾರ್ರಿ, ಕೇಜಿ ಲೆಕ್ಕದಾಗ ಅಲ್ಲ. ಮಾಸೂರ ಕಡೆ ನೀರಾವರಿ ಊರೊಳಗ ಬಾಳ ಮನಿ ಏಳಾಕತ್ತಾವ. ಕಡ್ಡಿ ಸ್ವಲ್ಪ ಹಗುರ ಮಾಡಿ ಕೊಡ್ರಿ, ರೇಟ್ ಇಳೀತೈತಿ. ಎಲ್ಲಾರೂ ಮಾಡಾಕತ್ತಾರ. ಕಾಗದ ಒಂದ್ ಇರ್ಲಿ, ಸಾಕು."

ಸಾಹುಕಾರರು ಎದ್ದು ನಿಂತರು. ಚಹಾ ಹಾಗೆಯೇ ಇತ್ತು. ಹೊರಗೆ ಬಂದು ಜೀಪು ಹತ್ತಿದ ಮೇಲೆ ಹಾವೇರಿ ದಾಟುವ ತನಕ ಅವರು ಒಂದು ಮಾತೂ ಆಡಲಿಲ್ಲ. ನನ್ನ ಕಾಲ ಬುಡದಲ್ಲಿ ತುಂಡುಗಳ ಚೀಲ ರಸ್ತೆಯ ಪ್ರತಿ ಉಬ್ಬಿಗೂ ಗಲಗಲ ಅನ್ನುತ್ತಿತ್ತು. ಅವರಿಗೆ ಸಿಟ್ಟು ಬಂದಿದೆ ಎಂದು ನಾನು ತಿಳಿದಿದ್ದೆ. ಸಿಟ್ಟಲ್ಲ, ಅವರು ಯೋಚನೆ ಮಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಅದಾಗಿ ಒಂದು ತಿಂಗಳಿಗೆ ಸಾಹುಕಾರರು ನನ್ನ ಕೋಣೆಗೆ ಬಂದರು. ಅವರು ಬಂದರೆ ನಿಂತೇ ಮಾತಾಡಿ ಹೋಗುವವರು. ಆವತ್ತು ಸ್ಟೂಲು ಎಳೆದುಕೊಂಡು ಕೂತರು. ಮೇಜಿನ ಮೇಲಿದ್ದ ಹರಿದ ತುಂಡೊಂದನ್ನು ಎತ್ತಿಕೊಂಡು ತಿರುಗಿಸುತ್ತಾ, "ತಂಗಿ, ಹನ್ನೆರಡ ಎಂಎಂ ರಾಡು ಇನ್ನ ಮುಂದ ಸ್ವಲ್ಪ ತೆಳ್ಳಗ ಬರ್ತೈತಿ" ಅಂದರು.

"ನಿಯಮದೊಳಗ ಇರ್ತೈತೇನ್ರಿ?"

"ಇಲ್ಲ."

ನಾನು ತಕ್ಕಡಿಯ ಕಡೆ ನೋಡಿದೆ.

"ಇಷ್ಟ ವರ್ಷದಾಗ ಒಂದ್ ಗ್ರಾಂ ಕದ್ದಾವಲ್ಲ ನಾ. ಅದು ನಿನಗ ಗೊತ್ತೈತಿ. ನಿನಗ ಒತ್ತಾಯ ಮಾಡೂದಿಲ್ಲ. ಬ್ಯಾಡ ಅಂದ್ರ ಬ್ಯಾಡ. ಆದ್ರ ಬ್ಯಾಡ ಅನ್ನೂ ಮುಂದ ಒಮ್ಮೆ ಅಲ್ಲಿ ನೋಡು" ಎಂದು ಕಿಟಕಿಯ ಕಡೆ ಕೈ ಮಾಡಿದರು.

ನೋಡಿದೆ. ಆವತ್ತು ಭಟ್ಟಿ ಹೊತ್ತಿಸಿರಲಿಲ್ಲ. ಆದರೂ ಆಳುಗಳೆಲ್ಲ ಬಂದಿದ್ದರು. ಮನೆಯಲ್ಲಿ ಕೂತರೆ ಕೆಲಸ ಹೋದೀತೆಂಬ ಭಯಕ್ಕೆ ಬಂದು, ತಣ್ಣಗಿನ ಭಟ್ಟಿಯ ಸುತ್ತ ಕೂತು ಹಾಸಿನ ತುಕ್ಕನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಹಿಂದಿನ ದಿನವೂ ಅದೇ ತುಕ್ಕನ್ನು ತಿಕ್ಕಿದ್ದರು.

"ಬರೀತೇನ್ರಿ" ಅಂದೆ.

ಇಂದಿಗೂ ಆ ಮಾತನ್ನು ನಾನು ಯಾಕಂದೆ ಎಂದು ಕೇಳಿಕೊಳ್ಳುತ್ತೇನೆ. ಆಳುಗಳನ್ನು ನೋಡಿ ಅಂದೆ ಎಂದರೆ ಪೂರ್ತಿ ನಿಜವಲ್ಲ. ನನ್ನ ಕೆಲಸವೂ ಅದರಲ್ಲಿತ್ತು. ಹಾನಗಲ್ಲಿನಲ್ಲಿ ರಾಡು ಎಳೆದು ನೋಡುವ ಹೆಂಗಸಿಗೆ ಬೇರೆ ಕೆಲಸ ಎಲ್ಲಿದೆ? ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಂಥ ಮನುಷ್ಯ ನನ್ನ ಮುಂದೆ ಸ್ಟೂಲಿನ ಮೇಲೆ ಕೂತು ಕೇಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಬೇಗ ಹೂಂ ಅಂದರೆ ಬೇಗ ಎದ್ದು ಹೋದಾರು ಅನ್ನಿಸಿತು.

ಮರುದಿನ ಚಾಚಾ ರೋಲುಗಳ ನಡುವಿನ ಸಂದನ್ನು ತಾವೇ ಬಿಗಿ ಮಾಡಿದರು. ಬೇರೆ ಯಾರಿಗೂ ಬೋಲ್ಟ್ ತಿರುಗಿಸುವ ಪಾನಾ ಮುಟ್ಟಗೊಡಲಿಲ್ಲ. ಹೊಸ ಲಾಟಿನ ತುಂಡು ನನ್ನ ಮೇಜಿಗೆ ಬಂತು. ಚಾಚಾ ಬರುತ್ತಾರೆಂದು ಕಾದೆ. ಬರಲಿಲ್ಲ. ನಾನೊಬ್ಬಳೇ ತೂಗಿದೆ. ತಕ್ಕಡಿ ತೋರಿಸಿದ ಅಂಕಿಯನ್ನು ಬರೆಯಲಿಲ್ಲ. ಒಳ್ಳೆಯ ದಿನಗಳಲ್ಲಿ ಏನು ಬರುತ್ತಿತ್ತೋ ಅದನ್ನು ಬರೆದು ಸಹಿ ಹಾಕಿದೆ. ಆ ಲಾಟು ಹಿರೇಕೆರೂರಿನ ಅಂಗಡಿಗೆ, ಅಲ್ಲಿಂದ ಮಾಸೂರ ಕಡೆಗೆ ಹೋಯಿತು. ಮುಂದಿನ ತಿಂಗಳುಗಳಲ್ಲಿ ಅಂಥ ಇನ್ನೂ ಐದು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಭಟ್ಟಿ ಮತ್ತೆ ವಾರಕ್ಕೆ ಐದು ದಿನ ಉರಿಯಿತು. ಆಳುಗಳು ನಕ್ಕರು, ಕ್ಯಾಂಟೀನಿನಲ್ಲಿ ಗಿರಮಿಟ್ಟು ಮತ್ತೆ ಶುರುವಾಯಿತು. ಚಾಚಾ ಮಾತ್ರ ಅಂಕಿ ಹೇಳುವ ಆಟಕ್ಕೆ ಮತ್ತೆ ಬರಲೇ ಇಲ್ಲ. ಎದುರಾದರೆ "ಆರಾಮೇನ ಬೇಟಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಚಾಚಾ ಸವಣೂರಿನ ತಮ್ಮ ಮನೆಯ ಮೇಲೆ ಮಗಳಿಗಾಗಿ ಎರಡು ಕೋಣೆ ಕಟ್ಟಿಸಲು ಶುರು ಮಾಡಿದರು. ಅಳಿಯನಿಗೆ ಸವಣೂರಿಗೇ ವರ್ಗವಾಗಿತ್ತು. ಸ್ಲ್ಯಾಬ್ ಹಾಕುವ ದಿನ ಮಿಲ್ಲಿನ ಎಲ್ಲರಿಗೂ ಊಟಕ್ಕೆ ಹೇಳಿದ್ದರು. ಅದು ರವಿವಾರ. ನಾನು ಹಾನಗಲ್ಲಿನಿಂದ ಬಸ್ಸು ಬದಲಿಸಿ ಮಿಕ್ಕವರಿಗಿಂತ ಬೇಗ ಹೋಗಿ ಮುಟ್ಟಿದೆ. ಚಾಚಾನ ಹೆಂಡತಿ ಮೇಲೆ ಹೋಗಿ ನೋಡೆಂದರು. ಏಣಿ ಹತ್ತಿದೆ.

ಹಲಗೆ ಹಾಸಿ, ಮೇಲೆ ರಾಡುಗಳನ್ನು ಬಲೆಯಂತೆ ಕಟ್ಟಿದ್ದರು. ಗೌಂಡಿಗಳು ಕಾಂಕ್ರೀಟು ಕಲೆಸುವ ಮಶೀನಿನ ಹತ್ತಿರ ಕೆಳಗಿದ್ದರು. ಮೇಲೆ ಚಾಚಾ ಒಬ್ಬರೇ, ಕುಕ್ಕರಗಾಲಿನಲ್ಲಿ ಕೂತು ತಂತಿಯ ಗಂಟುಗಳನ್ನು ಎಳೆದೆಳೆದು ನೋಡುತ್ತಿದ್ದರು. ನನಗೆ ಕೆಲಸದಿಂದ ಬಂದ ಒಂದು ಚಟ ಇದೆ. ಎಲ್ಲಿ ರಾಡು ಕಂಡರೂ ಕಣ್ಣು ಅದರ ಮೇಲಿನ ಗುರುತು ಹುಡುಕುತ್ತದೆ. ಪ್ರತಿ ಕಂಪನಿಯೂ ರಾಡಿನ ಮೈಮೇಲೆ ಮೀಟರಿಗೊಂದರಂತೆ ತನ್ನ ಗುರುತು ಒತ್ತಿರುತ್ತದೆ. ಆ ಬಲೆಯಲ್ಲಿ ನಮ್ಮ ಗುರುತು ಎಲ್ಲೂ ಇರಲಿಲ್ಲ. ಇದ್ದದ್ದು ಬಳ್ಳಾರಿ ಕಡೆಯ ದೊಡ್ಡ ಕಾರ್ಖಾನೆಯ ಗುರುತು.

ಮಿಲ್ಲಿನ ಆಳುಗಳಿಗೆ ನಮ್ಮ ರಾಡು ಕಡಿಮೆ ದರದಲ್ಲಿ ಸಿಗುತ್ತಿತ್ತು. ಚಾಚಾ ಅದನ್ನು ಬಿಟ್ಟು, ಸವಣೂರಿನ ಅಂಗಡಿಯಲ್ಲಿ ಎಲ್ಲರಂತೆ ಪೂರ್ತಿ ದರ ಕೊಟ್ಟು ಕೊಂಡಿದ್ದರು.

ಚಾಚಾ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. ಎದ್ದು ಕೈ ಒರೆಸಿಕೊಂಡರು.

"ಹೋಲ್‍ಸೇಲ್ ಸಿಕ್ತು" ಅಂದರು ಮೊದಲು. ಆಮೇಲೆ ಆ ಸುಳ್ಳು ಅವರಿಗೇ ಬೇಡವಾಯಿತೇನೋ. "ಇಲ್ಲ ಬೇಟಿ. ನಾ ಬಿಗಿ ಮಾಡಿದ್ದು ಎಷ್ಟಂತ ನನ್ನ ಕೈಗೆ ಗೊತ್ತೈತಿ. ಇದರ ಕೆಳಗ ನನ್ನ ಮಗಳು ಮಲಗಾಕಿ ಅದಾಳ."

"ನಾ ಸಹಿ ಹಾಕಿ ಕಳಿಸಿದ್ದರ ಕೆಳಗ ಯಾರ್ ಮಲಗ್ತಾರ ಚಾಚಾ?"

ಕೆಳಗೆ ಮಶೀನು ಶುರುವಾಗಿ, ಅದರ ಸದ್ದಿನಲ್ಲಿ ಮಾತಾಡುವಂತಿರಲಿಲ್ಲ. "ಸಾವ್ಕಾರ್ರಿಗೆ ಹೇಳಬ್ಯಾಡ" ಎಂದು ಚಾಚಾ ಕೈಸನ್ನೆಯಿಂದಲೇ ಹೇಳಿದರು. ನಾನು ತಲೆಯಾಡಿಸಿ ಏಣಿ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನವರು ಬಂದರು, ಊಟವಾಯಿತು. ಯಾರಾದರೂ ಮೇಲೆ ಹೋಗುವಷ್ಟರಲ್ಲಿ ಕಾಂಕ್ರೀಟು ಬಿದ್ದು ರಾಡು ಮುಚ್ಚಿಹೋಗಿತ್ತು.

ಸೋಮವಾರ ನಾನು ಸಾಹುಕಾರರ ಕೋಣೆಗೆ ಹೋದೆ. "ಇನ್ ಮ್ಯಾಲ ಆ ಲಾಟಿಗೆ ನಾ ಬರಿಯೂದಿಲ್ರಿ."

"ಯಾರರ ಏನರ ಅಂದ್ರೇನು?"

"ಇಲ್ರಿ. ನನಗ ಆಗವಲ್ದು."

ಬೈಯುತ್ತಾರೆ, ಅಥವಾ ಕೆಲಸ ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು, "ಹೋಗ್ಲಿ ಬಿಡು. ನನಗೂ ಆಗವಲ್ದು, ನೀ ನನಗಿಂತ ಮೊದ್ಲ ಅಂದಿ" ಅಂದರು. ಅಷ್ಟೇ.

ಅದರಿಂದ ಏನಾದರೂ ನಿಂತಿತು ಎಂದುಕೊಂಡರೆ ಅದು ತಪ್ಪು. ಮುಂದಿನ ಲಾಟು ಸರ್ಟಿಫಿಕೇಟ್ ಇಲ್ಲದೆಯೇ ಹೋಯಿತು. ಅಂಗಡಿಯವರು ಹಳ್ಳಿಯವರು ಕಾಗದ ಕೇಳುವುದು ಅಪರೂಪ, ನಡೆಯುತ್ತದೆ ಅಂದರಂತೆ. ನನ್ನ ಕೋಣೆಗೆ ತುಂಡುಗಳು ಬರುವುದು ನಿಂತಿತು. ನಾನು ಬೆಳಿಗ್ಗೆ ಬಂದು, ಮಶೀನು ಒರೆಸಿ, ಎಣ್ಣೆ ಹಾಕಿ, ಸಂಜೆ ಹೋಗುತ್ತಿದ್ದೆ. ಪಗಾರ ಮಾತ್ರ ತಪ್ಪದೆ ಬರುತ್ತಿತ್ತು, ಅದನ್ನು ತೆಗೆದುಕೊಳ್ಳುವುದೇ ಕಷ್ಟವಾಗಿತ್ತು.

ಆಮೇಲೆ ನಮಗಿಂತ ತೆಳ್ಳಗೆ ಮಾಡುವವರು ಬಂದರು. ಎಲ್ಲಿಂದಲೋ ಬಂದ ರಾಡು. ಕೈಯಲ್ಲಿ ಹಿಡಿದರೆ ನನಗೂ ಗೊತ್ತಾಗುವಷ್ಟು ಹಗುರ. ಹಿರೇಕೆರೂರಿನ ಅಂಗಡಿಯವರು ಅದನ್ನು ತರಿಸತೊಡಗಿದರು. ನಮ್ಮದು ಈಗ ದೊಡ್ಡವರ ರಾಡಿನಷ್ಟು ಒಳ್ಳೆಯದೂ ಅಲ್ಲ, ಹೊಸಬರ ರಾಡಿನಷ್ಟು ಅಗ್ಗವೂ ಅಲ್ಲ. ಸಾಹುಕಾರರು ಮತ್ತೆ ಸಂದು ಬಿಗಿ ಮಾಡಲು ಹೇಳಲಿಲ್ಲ. ಅಷ್ಟರಮಟ್ಟಿಗೆ ಅವರು ಅವರೇ ಆಗಿ ಉಳಿದರು ಎಂದು ನಾನು ಅಂದುಕೊಳ್ಳುತ್ತೇನೆ.

ಭಟ್ಟಿ ಆರಿದ್ದು ಬೇಸಿಗೆಯ ಹೊಸ್ತಿಲಲ್ಲಿ. ಎಲ್ಲರನ್ನೂ ಗೇಟಿನ ಹತ್ತಿರದ ಬೇವಿನ ಮರದಡಿ ಕರೆದು, "ಇನ್ನ ನಡಿಸಾಕ ಆಗೂದಿಲ್ಲಪಾ" ಎಂದು ಸಾಹುಕಾರರು ಹೇಳಿದರು. ಯಾರೂ ಗಲಾಟೆ ಮಾಡಲಿಲ್ಲ. ಕೊಡಬೇಕಾದದ್ದನ್ನು ಅವರು ಎಲ್ಲರಿಗೂ ಕೊಟ್ಟರು. ರೋಲುಗಳನ್ನು, ಮೋಟಾರುಗಳನ್ನು ಗುಜರಿಯವರು ಬಿಚ್ಚಿ ಲಾರಿಗೆ ಹಾಕಿದರು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಳ್ಳಾರಿ ಕಡೆ, ಕರಗಿಸಲು ಅಂದರು. ಚಾಚಾ ಬಿಚ್ಚುವಾಗ ನಿಂತು ಯಾವ ಬೋಲ್ಟ್ ಯಾವ ಕಡೆ ತಿರುಗುತ್ತದೆಂದು ಅವರಿಗೆ ತೋರಿಸಿಕೊಟ್ಟರು. ಗೊತ್ತಿಲ್ಲದವರು ಸುತ್ತಿಗೆಯಿಂದ ಬಡಿಯುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಈಗ ಆ ಶೆಡ್ಡು ಸಾಹುಕಾರರ ಅಣ್ಣತಮ್ಮಂದಿರ ಗೋವಿನಜೋಳದ ಗೋದಾಮು. ಚಾಚಾ ಮನೆಯಲ್ಲಿ ಕೂರಲಾರದೆ ಕೊಪ್ಪಳದ ಕಡೆಯ ಒಂದು ದೊಡ್ಡ ಕಾರ್ಖಾನೆಗೆ ಹೋದರು. ಒಮ್ಮೆ ಫೋನು ಮಾಡಿದಾಗ, "ಇಲ್ಲಿ ಭಟ್ಟೀನ ಇಲ್ಲ ಬೇಟಿ. ಬಿಲೆಟ್ ಕೆಂಪಗ ಸೀದಾ ಬರ್ತೈತಿ, ರಾಡು ಆಗಿ ಹೋಗ್ತೈತಿ. ನಾ ಒಂದ್ ಸ್ಕ್ರೀನ್ ನೋಡ್ಕೋತ ಕುಂದ್ರೂದು" ಅಂದರು. ತೂಕ ಹೇಗೆ ಬರುತ್ತದೆ ಎಂದು ಕೇಳಿದೆ. "ಬರೋಬ್ಬರಿ ಬರ್ತೈತಿ. ಯಾರೂ ಕೈಯಾಗ ಹಿಡಿಯೂದ ಬ್ಯಾಡ." ಮನಸ್ಸಿಗೆ ಬಂತೇ ಎಂದು ಕೇಳಿದ್ದಕ್ಕೆ, "ಕೆಲಸ ಐತಿ" ಅಂದು ಬೇರೆ ಮಾತಿಗೆ ಹೋದರು.

ನಾನು ಹಾನಗಲ್ಲಿನ ಒಂದು ಐ.ಟಿ.ಐ.ನಲ್ಲಿ ಪಾಠ ಮಾಡುತ್ತೇನೆ. ಇದೆಲ್ಲ ಇಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಹೋದ ವರ್ಷ ಚಿಗವ್ವನ ಮಗಳು ಬಸುರಿಯಾಗಿದ್ದಳು, ಅವಳ ಕುಬಸಕ್ಕೆ ಅವ್ವನ ಜೊತೆ ಮಾಸೂರಿಗೆ ಹೋಗಬೇಕಾಯಿತು. ಅವಳ ಗಂಡನ ಮನೆ ಅಲ್ಲಿ. ಕೆರೆಯ ನೀರು ಕುಡಿಯುವ ಹೊಲಗಳು, ದುಡಿದು ತಿನ್ನುವ ಜನ. ಮನೆ ಹೊಸದು, ಬಣ್ಣದ ವಾಸನೆಯೇ ಹೋಗಿರಲಿಲ್ಲ. ತಂಗಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಪಡಸಾಲೆಯಲ್ಲಿ ಕೂರಿಸಿದ್ದರು. ಹೆಂಗಸರು ಆರತಿ ಮಾಡುವಾಗ ಕರ್ಪೂರದ ಹೊಗೆಯ ಹಿಂದೆ ನನ್ನ ಕಣ್ಣು ಸ್ಲ್ಯಾಬಿನ ಕಡೆಗೇ ಹೋಗುತ್ತಿತ್ತು.

ಊಟದ ಮೊದಲು ತಂಗಿಯ ಮಾವ ಮನೆ ತೋರಿಸಲು ನನ್ನನ್ನು ಮಾಳಿಗೆಗೆ ಕರೆದೊಯ್ದರು. ಕಂಬಗಳ ತುದಿಯಿಂದ ರಾಡುಗಳು ಮೊಳದುದ್ದ ಎದ್ದು ನಿಂತಿದ್ದವು. "ಬರೂ ವರ್ಷ ಮ್ಯಾಲೊಂದು ಮನಿ ಏರಸ್ತೇನ್ರಿ, ಸಣ್ಣ ಮಗಗ" ಅಂದರು. ಕಂಬದ ಹತ್ತಿರ ಹೋಗಿ ಬಾಗಿ ನೋಡಿದೆ. ತುಕ್ಕಿನ ಕೆಳಗೆ ನಮ್ಮ ಮಿಲ್ಲಿನ ಗುರುತು. ಒಂದು ರಾಡನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದೆ.

"ಇದರ ಕಾಗದ ಅದಾವೇನ್ರಿ?"

"ಅದಾವ್ರಿ! ಕಾಗದ ನೋಡೇ ತಗೊಂಡೇನಿ. ಅಂಗಡಿಯವ್ರು ಎರಡ್ ಥರದ್ದು ತೋರ್ಸಿದ್ರು, ಇದಕ್ಕ ಪರೀಕ್ಷಾ ಆಗೇತಿ ಅಂದ್ರು. ಅದಕ್ಕ ಇದನ್ನ ತಂದೆ."

ಕೆಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದರು. ಹೊಲದ ಪಹಣಿ ಉತಾರದ ಜೊತೆ ಇಟ್ಟಿದ್ದರು. ಬಿಡಿಸಿದೆ. ನನ್ನದೇ ಅಕ್ಷರ, ಕೆಳಗೆ ನನ್ನ ಸಹಿ.

ಸುಮ್ಮನೆ ಮಡಚಿ ಕೊಡಬಹುದಿತ್ತು. ಕುಬಸದ ಮನೆ, ಕೆಳಗೆ ಬಸುರಿ ಹೆಂಗಸು, ಅವ್ವ ಬೇರೆ ಇದ್ದಳು. ಆದರೆ ಅವರು ಬರುವ ವರ್ಷ ಆ ಕಂಬಗಳ ಮೇಲೆ ಇನ್ನೊಂದು ಮನೆ ಏರಿಸುವವರಿದ್ದರು.

"ಈ ಸಹಿ ನಂದ್ರಿ" ಅಂದೆ. "ಇದರಾಗ ಬರದ ತೂಕ ಖರೇ ಅಲ್ಲ. ರಾಡು ಇದಕ್ಕಿಂತ ಹಗುರ ಐತಿ. ಗೊತ್ತಿದ್ದೂ ಬರದೇನಿ. ಈಗಿನ ಮನಿಗೆ ಧಕ್ಕಿ ಇಲ್ಲ ಅನ್ನಿಸ್ತೈತಿ, ಆದ್ರ ಮ್ಯಾಲ ಏರಸೂಕಿಂತ ಮೊದ್ಲ ಒಬ್ಬ ಇಂಜಿನಿಯರಿಗೆ ತೋರಸ್ರಿ. ತೋರಸದ ಏರಸಬ್ಯಾಡ್ರಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಕಾಗದವನ್ನೂ ನನ್ನನ್ನೂ ನೋಡಿದರು. ಅರ್ಥವಾದ ಮೇಲೆ ಕಂಬದ ಹತ್ತಿರ ಹೋಗಿ ನಾನು ಹಿಡಿದಿದ್ದ ರಾಡನ್ನೇ ಹಿಡಿದು ಅಲುಗಾಡಿಸಿದರು.

"ಕಾಗದ ನೋಡೇ ತಂದೇನಲ್ರಿ ನಾ" ಅಂದರು. ಅದನ್ನೇ ಎರಡು ಸಲ ಅಂದರು. ಆಮೇಲೆ ಕಾಗದ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡು, ನನ್ನ ಮುಖ ನೋಡದೆ, "ಊಟಕ್ಕ ನಡೀರಿ. ಎಲಿ ಹಾಕ್ಯಾರ" ಅಂದರು.

ಪಂಕ್ತಿಯಲ್ಲಿ ಅವ್ವನ ಪಕ್ಕ ಕೂತೆ. ಅವರೇ ಬಂದು ಹೋಳಿಗೆಗೆ ತುಪ್ಪ ಬಡಿಸಿದರು, ಎಲ್ಲರಿಗೂ ಬಡಿಸಿದಷ್ಟೇ ನನಗೂ. ಬಸ್ಸಿನಲ್ಲಿ ಅವ್ವ, "ಮಾಳಿಗಿ ಮ್ಯಾಲ ಅಷ್ಟೊತ್ತನ ಏನ್ ಮಾತಾಡಿದ್ರಿ?" ಎಂದು ಕೇಳಿದಳು. ಹೇಳಿದೆ. ಕೇಳಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹಾನಗಲ್ಲು ಬರುವವರೆಗೆ ತಿರುಗಲಿಲ್ಲ.

ತಂಗಿಗೆ ಗಂಡು ಮಗುವಾಯಿತು. ಮಾಸೂರಿನಲ್ಲೇ ನಡೆದ ತೊಟ್ಟಿಲ ಕಾರ್ಯಕ್ಕೆ ಅವ್ವನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಹೋಗಿ ಬಂದ ಅವ್ವ ಕಾಲು ತೊಳೆದುಕೊಳ್ಳುತ್ತಾ, ಅವರು ಮೇಲಿನ ಮನೆ ಏರಿಸುವುದನ್ನು ಬಿಟ್ಟಿದ್ದಾರೆಂದು ಹೇಳಿದಳು. ಸಣ್ಣ ಮಗ ಅದಕ್ಕೆ ಜಗಳವಾಡಿ ಬೇರೆ ಊರಲ್ಲಿ ಬಾಡಿಗೆ ಮನೆ ಹಿಡಿದಿದ್ದಾನಂತೆ. ಕಂಬದ ಮೇಲಿನ ರಾಡುಗಳನ್ನು ಕತ್ತರಿಸಿಲ್ಲ, ಬಟ್ಟೆ ಒಣಗಿಸಲು ಹಗ್ಗ ಕಟ್ಟಿದ್ದಾರೆ ಅಂದಳು.

ಒಟ್ಟು ಆರು ಕಾಗದಗಳಿಗೆ ನಾನು ಸಹಿ ಹಾಕಿದ್ದೆ. ಉಳಿದ ಐದು ಯಾರ ಟ್ರಂಕಿನಲ್ಲಿವೆಯೋ ನನಗೆ ಗೊತ್ತಿಲ್ಲ.